ಬಾರ್‌ನ್ಯಾಗ ಸ್ಮೋಕಿಂಗ್ ರೂಮ್ ಕಟ್ಟಸ್ಲೋ ಬ್ಯಾಡೋ? ಅನುಭವ ಇದ್ದವ್ರು ಹೇಳ್ರಿ

ಹುಬ್ಬಳ್ಳಿ ಹುಡುಗ
ನಮಸ್ಕಾರ್ರೀ ಎಲ್ಲಾರಿಗೂ. ನಮ್ದು ಹುಬ್ಬಳ್ಳ್ಯಾಗ ಅಪ್ಪಾರ ಕಾಲದ ಬಾರ್ ಅಂಡ್ ರೆಸ್ಟೋರೆಂಟ್ ಐತಿ, ಸಿಎಲ್-9 (ಬಾರ್ ಲೈಸೆನ್ಸ್), 62 ಸೀಟು. ಇಷ್ಟ್ ದಿನ ಹಿಂದಿನ ಟೇಬಲ್‌ನ್ಯಾಗ ಸೇದವ್ರು ಸೇದ್ತಿದ್ರು, ನಾವೂ ಕಂಡೂ ಕಾಣದಂಗ ಇರ್ತಿದ್ವಿ. ಈಗ 200 ಇದ್ದ ದಂಡ 1000 ಆಗೇತಿ, ಹ್ವಾದ ತಿಂಗಳ ಒಂದ ರಾತ್ರಿ ನಾಕ ಚೀಟಿ ಹರದ್ರು. ಹಿಂದಿನ ಸ್ಟೋರ್ ರೂಮ್ ಒಡದು ಸ್ಮೋಕಿಂಗ್ ರೂಮ್ ಮಾಡೂಣು ಅಂತಾನ ತಮ್ಮ. ನನಗ ಸೇದೂದ ಪೂರಾ ಬಂದ್ ಮಾಡೂದ ಛಲೋ ಅನಸ್ತೈತಿ. ಮತ್ತೊಂದು, ಭಾಳ ಕುಡದವ್ರಿಗೆ ಇನ್ನ ಸಾಕ್ರಿ ಅಂತ ಹೆಂಗ ಹೇಳ್ತೀರಿ ನೀವು? ಅದು ನಮ್ಮ ಜವಾಬ್ದಾರಿನೋ ಅವ್ರದೋ? ನಡಸಿದವ್ರು, ನಡಸಿ ಬಿಟ್ಟವ್ರು ಹೇಳ್ರಿ.

ತುಂಗಾ ತೀರದವ
ಕಟ್ಟಿಸ್ಬೇಡಿ. ಕಟ್ಟಿಸಿದವನು ಹೇಳ್ತಿದೀನಿ ಕೇಳಿ. ಶಿವಮೊಗ್ಗದಲ್ಲಿ ನಮ್ದು, 2018ರಲ್ಲಿ ಮಾಡ್ಸಿದ್ದು. ಗೋಡೆ ಮೇಲಿನವರೆಗೂ ಇರ್ಬೇಕು, ಬಾಗಿಲು ತಾನಾಗೇ ಮುಚ್ಕೊಬೇಕು, ಒಳಗಿನ ಗಾಳಿ ಹೊರಗಡೆಗೇ ಹೋಗ್ಬೇಕು, ಹಾಲ್ ಕಡೆ ಬರಂಗಿಲ್ಲ, ಇದೆಲ್ಲಾ ನಿಮಗೂ ಗೊತ್ತಿರುತ್ತೆ. ಖರ್ಚು ಮಾತ್ರ ಯಾರೂ ಹೇಳಲ್ಲ, ಬರ್ಕೊಳಿ. ಗ್ಲಾಸ್ ಪಾರ್ಟಿಶನ್ 1,18,000. ಡೋರ್ ಕ್ಲೋಸರ್ 3,400, ನಾಲ್ಕೇ ತಿಂಗಳಿಗೆ ಕುಡಿದವನೊಬ್ಬ ಜೋತಾಡಿ ಕಿತ್ತ, ಇನ್ನೊಂದು 3,400. ಎಕ್ಸಾಸ್ಟ್ ಫ್ಯಾನ್ ಎರಡು 9,200. ಡಕ್ಟ್ 27,000. ಆ ಡಕ್ಟಿನ ಬಾಯಿ ಪಕ್ಕದ ಮನೆ ತಾರಸಿ ಕಡೆ ಬಿಟ್ಟಿದ್ದ ಕೆಲಸದವನು, ಏಪ್ರಿಲ್ ತಿಂಗಳು, ಆ ಮನೆ ಅಜ್ಜಿ ಬಿಳೀ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ರು. ಸಂಜೆ ಬಂದು ಒಂದು ಸಂಡಿಗೆ ನನ್ನ ಮೂಗಿಗೆ ಹಿಡಿದು, "ನೋಡಪ್ಪಾ, ಇದ್ರಲ್ಲಿ ಜೀರಿಗೆ ವಾಸನೆ ಬರುತ್ತೋ ನಿನ್ನ ಗಿರಾಕಿಗಳ ಬಾಯಿ ವಾಸನೆ ಬರುತ್ತೋ" ಅಂದ್ರು. ಏನ್ ಹೇಳೋದು? ಡಕ್ಟನ್ನ ಇನ್ನೂ 14 ಅಡಿ ಮೇಲೆತ್ತಿಸಿದ್ದು 31,500. ಎಲೆಕ್ಟ್ರಿಷಿಯನ್ 8,400. ಕೂಡಿಸಿ, 2,00,900. ಇದರ ಮೇಲೆ ಆರು ಸೀಟು ಹೋಯ್ತು.

ಇಷ್ಟೆಲ್ಲಾ ಮಾಡಿ ಆ ರೂಮೊಳಗೆ ಏನೂ ಸಪ್ಲೈ ಮಾಡಂಗಿಲ್ಲ, 2017ರಲ್ಲೇ ರೂಲ್ ಬದಲಾಗಿದೆ. ಗಿರಾಕಿ ಬಿಡ್ತಾನಾ, ಲೋಟ ಕೈಯಲ್ಲಿ ಹಿಡ್ಕೊಂಡೇ ಹೋಗ್ತಾನೆ, ತಿಂಗಳಿಗೆ ಮೂವತ್ತು ಲೋಟ ಒಡೀತಿದ್ವು. ಒಳಗೆ ಸೆಕೆ ಅಂತ ಬಾಗಿಲಿಗೆ ಬಿಯರ್ ಕ್ರೇಟ್ ಅಡ್ಡ ಇಡೋರು, ಹೊಗೆ ಎಲ್ಲಾ ಫ್ಯಾಮಿಲಿ ಸೆಕ್ಷನ್ನಿಗೆ. ಲಾಕ್‌ಡೌನ್ ಮುಗಿದ ಮೇಲೆ ಆ ರೂಮ್ ತೆರೆದೇ ಇಲ್ಲ. ಖಾಲಿ ಬಾಟ್ಲು ಪೇರಿಸಿಟ್ಟಿದೀನಿ.

ದಮ್ಮಿನ ದೊರೆ
ಇದೊಳ್ಳೆ ಕಥೆ ಆಯ್ತು ಗುರು. ಬಾರ್‌ಗೆ ಬರೋರು ತೀರ್ಥ ತಗೊಳಕ್ಕೆ ಬರ್ತಾರಾ? ಒಂದು ಕ್ವಾರ್ಟರ್ ತಗೊಂಡ್ರೆ ಅದರಲ್ಲಿ ಮುಕ್ಕಾಲು ಪಾಲು ಟ್ಯಾಕ್ಸೇ ಅನ್ಸುತ್ತೆ, ಸಿಗರೇಟಲ್ಲೂ ಟ್ಯಾಕ್ಸ್ ಇದೆ, ದುಡ್ಡು ತಗೊಳೋವಾಗ ನಾನು ಜವಾಬ್ದಾರಿಯುತ ನಾಗರಿಕ, ಬೆಂಕಿಕಡ್ಡಿ ಗೀರಿದ ತಕ್ಷಣ ಅಪರಾಧಿ. 22 ವರ್ಷದಿಂದ ಸೇದ್ತಿದೀನಿ, ನನ್ನ ದೇಹ ನನ್ನಿಷ್ಟ. 2017ರ ಜುಲೈ ನೆನಪಿದೆಯಾ ಯಾರಿಗಾದ್ರೂ? ಹೈವೇಯಿಂದ 500 ಮೀಟರ್ ಒಳಗೆ ಬಾರ್ ಇರಂಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ ತಡ, ಬೆಂಗಳೂರಲ್ಲಿ ಎಂಜಿ ರೋಡ್, ಬ್ರಿಗೇಡ್ ರೋಡ್ ಬಾರುಗಳಿಗೇ ಬೀಗ. ನಾನು ಖಾಯಂ ಕೂರ್ತಿದ್ದ ಜಾಗದ ಮುಂದೆ ಒಂದು ಸಂಜೆ ಪೆದ್ದನ ಥರ ನಿಂತಿದ್ದೆ. ಆಮೇಲೆ ಅದು ಹೈವೇನೇ ಅಲ್ಲ ಅಂತ ಕಾಗದದಲ್ಲಿ ಬದಲಾಯಿಸಿದ್ರು, ಅದೇ ರೋಡು, ಅದೇ ಬಾರು, ಮತ್ತೆ ಓಪನ್. 2024ರಲ್ಲಿ ಹುಕ್ಕಾ ಬಂದ್. ಇಂಥ ರೂಲ್ಸ್ ನಂಬ್ಕೊಂಡು ನೀವು ಗೋಡೆ ಒಡೀತೀರಾ? ಹಿಂದಿನ ಟೇಬಲ್ ಹಂಗೇ ಇರ್ಲಿ.

ಮಾಜಿ ಕ್ಯಾಪ್ಟನ್
ದಮ್ಮಿನ ದೊರೆಗಳೇ, ನಿಮ್ಮ ದೇಹ ನಿಮ್ಮಿಷ್ಟ, ಸರಿ. ನನ್ನ ದೇಹ ಯಾರಿಷ್ಟ?

1998ರಿಂದ 2009ರ ತನಕ ಬೆಂಗಳೂರಲ್ಲಿ ಒಂದೇ ಬಾರಲ್ಲಿ ಕೆಲಸ ಮಾಡಿದೀನಿ. ಕ್ಲೀನರ್ ಆಗಿ ಸೇರ್ದೆ, ಆಮೇಲೆ ಸಪ್ಲೈಯರ್, ಕೊನೆಗೆ ಕ್ಯಾಪ್ಟನ್. ಏಸಿ ಹಾಲು, ಕಿಟಕಿ ಇಲ್ಲ, ರಾತ್ರಿ ಹತ್ತಕ್ಕೆ ಏಳನೇ ಟೇಬಲ್ಲಿಂದ ಹನ್ನೊಂದನೇ ಟೇಬಲ್ ಕಾಣ್ತಿರ್ಲಿಲ್ಲ. ಬಿಳೀ ಶರ್ಟ್ ಕಾಲರ್ ಹಳದಿ ಆಗೋದು, ನನ್ನ ಹೆಂಡ್ತಿ ಅದನ್ನ ಬೇರೆ ಬಕೆಟ್ಟಲ್ಲಿ ನೆನೆ ಹಾಕೋಳು, ಮಗು ಬಟ್ಟೆ ಜೊತೆ ಸೇರಿಸ್ತಿರ್ಲಿಲ್ಲ. ಬೀಡಿ ಸಿಗರೇಟು ಯಾವತ್ತೂ ಮುಟ್ಟಿಲ್ಲ ನಾನು. 46ಕ್ಕೆ ಡಾಕ್ಟ್ರು ಊದಿಸಿ ನೋಡಿ "ಎಷ್ಟು ಪ್ಯಾಕ್ ಸೇದ್ತೀರಿ" ಅಂದ್ರು, ಇಲ್ಲ ಸಾರ್ ಅಂದ್ರೆ ನಂಬ್ಲಿಲ್ಲ, ಹೆಂಡ್ತಿ ಮುಖ ನೋಡಿದ್ರು. ಈಗ ತಿಂಗಳಿಗೆ ಇನ್‌ಹೇಲರ್ 780, ಮಾತ್ರೆ 410, ಚಳಿಗಾಲದಲ್ಲಿ ನೆಬ್ಯುಲೈಸರ್ ಬೇರೆ. ಎರಡನೇ ಮಹಡಿ ಬಾಡಿಗೆ ಮನೆ ಬಿಟ್ಟು ನೆಲಮಹಡಿಗೆ ಬಂದಿದ್ದಕ್ಕೆ ಅಡ್ವಾನ್ಸ್ 60,000 ಜಾಸ್ತಿ ಹೋಯ್ತು.

2008ರ ಅಕ್ಟೋಬರ್ 2ಕ್ಕೆ ನಿಷೇಧ ಬಂದಾಗ ನಾವು ಹುಡುಗ್ರು ಖುಷಿಪಟ್ಟಿದ್ವಿ. 60 ಸೆಂಟಿಮೀಟರ್ ಅಗಲದ ಬೋರ್ಡ್ ಹಾಕಿದ್ರು, ಆಶ್‌ಟ್ರೇ ಎಲ್ಲಾ ಗೋಣಿಚೀಲಕ್ಕೆ ತುಂಬಿದ್ರು. ಮೂರು ವಾರ. ನಾಲ್ಕನೇ ವಾರ ಓನರ್ರೇ ಹೇಳಿದ್ರು, ಕೇಳಿದವ್ರಿಗೆ ಆಶ್‌ಟ್ರೇ ಬದಲು ಯೂಸ್ ಅಂಡ್ ಥ್ರೋ ಲೋಟದಲ್ಲಿ ನೀರು ಹಾಕಿ ಕೊಡು ಅಂತ. ಬೋರ್ಡ್ ಕೆಳಗಿನ ಟೇಬಲ್ಲಿಗೂ ನಾನೇ ಇಟ್ಟಿದೀನಿ ಆ ಲೋಟ.

ದಮ್ಮಿನ ದೊರೆ
ಕ್ಯಾಪ್ಟನ್ ಸಾರ್, ಬೇಜಾರಾಯ್ತು, ಆದ್ರೆ ಕೆಲಸ ಬಿಟ್ಟು ಬೇರೆ ಕಡೆ ಹೋಗ್ಬೋದಿತ್ತಲ್ವಾ, ಯಾರೂ ಕಟ್ಟಿ ಹಾಕಿರ್ಲಿಲ್ಲ. ಬೆಂಗಳೂರ್ ಹೊಗೆನೂ ಕಮ್ಮಿ ಇಲ್ಲ.

ಮಾಜಿ ಕ್ಯಾಪ್ಟನ್
ಟಿಪ್ಸ್ ಐದು ರೂಪಾಯಿ ಇಟ್ಟು ಹೋಗೋ ನಿಮ್ಮಂಥವ್ರಿಂದ ಮನೆ ನಡೀತಿತ್ತು ಸ್ವಾಮಿ, ಅದೇ ಕಟ್ಟಿ ಹಾಕಿದ್ದು.

ಕೈ ಸುಟ್ಕೊಂಡವ
ಸಿಗರೇಟ್ ಬಿಡಿ, ಅಸಲಿ ತಲೆನೋವು ವಯಸ್ಸು. ಬೆಂಗಳೂರಲ್ಲಿ ರೂಫ್‌ಟಾಪ್ ಪಬ್ಬಲ್ಲಿ ನಾಲ್ಕು ಜನ ಪಾರ್ಟ್ನರ್ಸ್, ನಂದು 38 ಲಕ್ಷ, ಅದ್ರಲ್ಲಿ 12 ಮಾವನವ್ರದ್ದು (ಇವತ್ತಿಗೂ ಹಬ್ಬಕ್ಕೆ ಹೋದ್ರೆ ಆ ವಿಷಯ ಬರುತ್ತೆ). ಓಪನ್ ಆಗಿ ಐದು ತಿಂಗಳಿಗೆ, 2017 ಡಿಸೆಂಬರ್ ಕೊನೇಲಿ ಮುಂಬೈ ಕಮಲಾ ಮಿಲ್ಸಲ್ಲಿ ಬೆಂಕಿ ಬಿದ್ದು 14 ಜನ ಸತ್ರು. ಮುಂದಿನ ವಾರದಿಂದ ನಮಗೆ ಇನ್ಸ್‌ಪೆಕ್ಷನ್ ಮೇಲೆ ಇನ್ಸ್‌ಪೆಕ್ಷನ್. ಬಿದಿರಿನ ಚಪ್ಪರ ಕಿತ್ತಿದ್ದು 4 ಲಕ್ಷ ನಷ್ಟ, ಇನ್ನೊಂದು ಮೆಟ್ಟಿಲು 6 ಲಕ್ಷ 20 ಸಾವಿರ. ಕೊಟ್ವಿ, ಅದು ಸರಿಯಾದ ಖರ್ಚೇ. ನಾನು ಸೋತಿದ್ದು ಬಾಗಿಲಲ್ಲಿ. 21 ಆಗದವ್ರನ್ನ ಬಿಡಲ್ಲ ಅಂತ ನಾನೊಬ್ನೇ ಹಟ ಹಿಡಿದೆ. ಒಂದು ಶನಿವಾರ 16 ಜನರ ಬರ್ತ್‌ಡೇ ಗ್ಯಾಂಗು, 18 ಸಾವಿರ ಬಿಲ್ ಗ್ಯಾರಂಟಿ, ಐಡಿ ನೋಡಿದ್ರೆ ಬರ್ತ್‌ಡೇ ಹುಡುಗನಿಗೇ 20. ವಾಪಸ್ ಕಳಿಸ್ದೆ. ಎದುರು ಪಬ್ಬಿಗೆ ಹೋಗಿ ಕೂತ್ಕೊಂಡು ನಮಗೆ ಕೈ ಬೀಸಿದ್ರು. ಪಾರ್ಟ್ನರ್ಸ್ ಅವತ್ತಿಂದ ಮಾತು ಬಿಟ್ರು. 2024ರ ಮೇನಲ್ಲಿ ಪುಣೆಯಲ್ಲಿ 17ರ ಹುಡುಗ ಪಬ್ಬಿಂದ ಬಂದು ಕಾರಲ್ಲಿ ಇಬ್ಬರನ್ನ ಕೊಂದಾಗ ಅದೇ ಪಾರ್ಟ್ನರ್ ಒಬ್ಬ ಫೋನ್ ಮಾಡಿ "ನೀನು ಹೇಳಿದ್ದು ಸರಿ ಇತ್ತು ಕಣೋ" ಅಂದ. ಪಬ್ ಮುಚ್ಚಿ ಐದು ವರ್ಷ ಆದ್ಮೇಲೆ.

ಕಾನೂನು ಕಾಳಪ್ಪ
ತಪ್ಪು ಮಾಹಿತಿ ಕೊಡ್ಬೇಡಿ. 1965ರ ಅಬಕಾರಿ ಕಾಯ್ದೆ ಓದಿ, ಅದ್ರಲ್ಲಿ 18 ಅಂತಿದೆ.

ಕೈ ಸುಟ್ಕೊಂಡವ
ಅರ್ಧ ಓದಿ ಬರ್ಬೇಡಿ ಕಾಳಪ್ಪೋರೆ. 1967ರ ಲೈಸೆನ್ಸ್ ನಿಯಮದಲ್ಲಿ 21. ಎರಡಕ್ಕೂ ತಾಳೆ ಇಲ್ಲ ಅಂತಾನೇ 2023ರ ಜನವರಿಯಲ್ಲಿ 18ಕ್ಕೆ ಇಳಿಸೋಕೆ ಕರಡು ತಂದು, ಜನ ಉಗಿದ ಮೇಲೆ ವಾಪಸ್ ತಗೊಂಡ್ರು. ಲೈಸೆನ್ಸ್ ಕೈಲಿ ಹಿಡ್ಕೊಂಡವನಿಗೆ 21ಏ. ಈಗ ಸಿಗರೇಟಿಗೂ 21.

ಕಾನೂನು ಕಾಳಪ್ಪ
ಕಾಯ್ದೆ ದೊಡ್ಡದೋ ನಿಯಮ ದೊಡ್ಡದೋ ಅದನ್ನ ಮೊದ್ಲು ತಿಳ್ಕೊಳಿ. ಪಬ್ ಮುಳುಗಿದ್ದು ಯಾಕೆ ಅಂತ ಈಗ ಅರ್ಥ ಆಯ್ತು.

ಲೀಡ್ಸ್ ವಾಸಿ ಕುಡ್ಲದವ
ಎಂತ ಜಗಳ ಮಾರಾಯ್ರೆ. ನಾನು ಇಂಗ್ಲೆಂಡಲ್ಲಿ ಓದುವಾಗ ಎರಡು ವರ್ಷ ಪಬ್ಬಲ್ಲಿ ಗ್ಲಾಸ್ ತೊಳೆದು, ಮತ್ತೆ ಕೌಂಟರಲ್ಲಿ ನಿಂತವ. ಇಲ್ಲಿ ಒಳಗೆ ಸೇದುವುದು 2007ರ ಜುಲೈ 1ಕ್ಕೇ ನಿಂತಿದೆ, ಸ್ಮೋಕಿಂಗ್ ರೂಮ್ ಅಂತ ಬೇರೆ ಉಂಟೇ ಇಲ್ಲ. ಹೊರಗೆ ಶೆಡ್ ಮಾಡಬಹುದು, ಅದರ ಗೋಡೆ ಅರ್ಧಕ್ಕಿಂತ ಹೆಚ್ಚು ಮುಚ್ಚಿರಬಾರದು. ಜನವರಿ ಚಳಿಗೆ ನಡುಗುತ್ತಾ ಸೇದುತ್ತಾರೆ ಪಾಪ. ಮತ್ತೆ, ಕುಡಿದು ಟೈಟ್ ಆದವನಿಗೆ ಪುನಃ ಮಾರಿದರೆ ಅಪರಾಧ ಮಾರಿದವನದ್ದು, ಅಂದರೆ ಕೌಂಟರಲ್ಲಿ ನಿಂತ ನನ್ನದೇ. ಸಾವಿರ ಪೌಂಡ್ ತನಕ ದಂಡ. ನನ್ನ ವಾರದ ಸಂಬಳ 140. ಹಾಗಾಗಿ ಯಾರಿಗೆ ಇಲ್ಲ ಅಂದೆವು, ಎಷ್ಟು ಗಂಟೆಗೆ, ಯಾಕೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಆರೂವರೆ ಅಡಿ ಬಿಳಿಯನಿಗೆ ನಾನು ಐದೂ ಕಾಲು ಅಡಿಯವ "ಸಾರಿ, ಸಾಕು" ಅಂತ ಹೇಳಿದ ದಿನ ಅವ ಕೌಂಟರ್ ಮೇಲೆ ನಾಣ್ಯ ಎಸೆದ. ನನ್ನ ಕೈ ನಡುಗಿ ಆ ಪುಸ್ತಕದ ಅಕ್ಷರ ಈಗಲೂ ಓದಲಿಕ್ಕೆ ಆಗುವುದಿಲ್ಲ, ಫೋಟೋ ಇಟ್ಟುಕೊಂಡಿದ್ದೇನೆ.

ತುಂಗಾ ತೀರದವ
ಇಂಗ್ಲೆಂಡ್ ಕಥೆ ಬೇಡ ಮಾರಾಯ. ಇಲ್ಲಿ "ಸಾಕು" ಅಂದ್ರೆ ಲೋಟ ತಲೆ ಮೇಲೆ ಬರುತ್ತೆ. ಒಂಬತ್ತು ಸಾವಿರ ಸಂಬಳದ ಹುಡುಗ ಯಾಕೆ ಹೇಳ್ತಾನೆ? ಕುಡಿಯೋನಿಗೆ ಬುದ್ಧಿ ಇರ್ಬೇಕು, ಅಷ್ಟೇ. ನಾವು ಅಂಗಡಿ ಇಟ್ಕೊಂಡಿದೀವಿ, ಶಾಲೆ ಅಲ್ಲ.

ಮೈಸೂರು ಅಕ್ಕ
ಈ ಮಾತಿಗೇ ಬರೀಬಾರ್ದು ಅಂದ್ಕೊಂಡಿದ್ದವಳು ಬರೀತಿದೀನಿ. 2016ರಲ್ಲಿ ನಮ್ಮಣ್ಣ ಬಾರಿಂದ ಮನೆಗೆ ಬೈಕಲ್ಲಿ ಬರ್ತಾ ಡಿವೈಡರ್‌ಗೆ ಹೊಡ್ಕೊಂಡ. ಆಸ್ಪತ್ರೇಲಿ ಅವನ ಶರ್ಟು ಕತ್ತರಿಸಿ ಕವರಿಗೆ ಹಾಕಿ ನನ್ನ ಕೈಗೆ ಕೊಟ್ರು, ಜೇಬಲ್ಲಿ ಬಿಲ್ಲಿತ್ತು. ನೈಂಟಿ ನಾಲ್ಕು, ಸಿಕ್ಸ್ಟಿ ಒಂದು, ಎಗ್ ಬುರ್ಜಿ ಒಂದು, ನೀರು ಎರಡು, 1,140 ರೂಪಾಯಿ. ಕೆಳಗೆ ಥ್ಯಾಂಕ್ಯೂ ವಿಸಿಟ್ ಅಗೇನ್. ಟೈಮ್ 11.12. ಆ ಕೊನೇ ಸಿಕ್ಸ್ಟಿ ಹಾಕಿದವ್ರು ಅವನ ಮುಖ ನೋಡಿರ್ಲಿಲ್ವಾ? ಪಾರ್ಕಿಂಗಲ್ಲಿ ಬೈಕ್ ತೆಗೆದು ಕೊಟ್ಟಿದ್ದೂ ಅದೇ ಬಾರಿನ ಹುಡುಗ. ತೊಡೆಗೆ ರಾಡ್, ಎರಡು ಆಪರೇಷನ್, 6,40,000. ಅತ್ತಿಗೆ ಮಾಂಗಲ್ಯ ಸರ ಇನ್ನೂ ಬ್ಯಾಂಕಲ್ಲೇ ಇದೆ. ನಾನು ಆ ಬಿಲ್ ಹಿಡ್ಕೊಂಡು ಬಾರ್‌ಗೆ ಹೋಗ್ತೀನಿ ಅಂದಾಗ ತಡೆದವನು ನಮ್ಮಣ್ಣನೇ. "ನಾನೇ ಕೇಳಿ ಕುಡಿದಿದ್ದು, ಅವ್ರದೇನು ತಪ್ಪು" ಅಂದ. ಈಗ ಮನೇಲೇ ಕೂತು ಕುಡೀತಾನೆ, ಕಾಲು ಎಳ್ಕೊಂಡು ಓಡಾಡ್ತಾನೆ.

ತುಂಗಾ ತೀರದವ
ಅಕ್ಕಾ, ನಿಮ್ಮಣ್ಣನೇ ಒಪ್ಕೊಂಡಿದಾರಲ್ಲ.

ಮೈಸೂರು ಅಕ್ಕ
ಸಂಡಿಗೆ ಮೇಲೆ ಹೊಗೆ ಬಿದ್ದಿದ್ದಕ್ಕೆ 31,500 ಖರ್ಚು ಮಾಡಿದ್ರಲ್ಲ, ಯಾರ ತಪ್ಪು ಅಂತ ಆಗ ಕೇಳಿದ್ರಾ?

ಅರಸೀಕೆರೆ ಕಾಯಿ
ನಮ್ ಬಾರಲ್ಲಿ ಕ್ಯಾಶ್ ಕೌಂಟರ್ ಹಿಂದೆ ಹಲಗೆಗೆ ಮೊಳೆ ಹೊಡೆದು ಬೈಕ್ ಕೀ ನೇತಾಕ್ತೀವಿ. ಬಿಲ್ ಕೊಡೋವಾಗ ಮುಖ ನೋಡಿ ಕೀ ಕೊಡೋದು, ಇಲ್ಲಾಂದ್ರೆ ಆಟೋ. ಮೊದಲ ವರ್ಷ ಮೂರು ಜನ ಹೊಡೆಯೋಕೆ ಬಂದ್ರು, ಒಬ್ಬ ಬೆಳಿಗ್ಗೆ ಬಂದು ಕಾಲಿಗೆ ಬಿದ್ದ. ಸಿಕ್ಕಾಕೊಂಡ್ರೆ ಫೈನ್ 10,000 ಅಂತ ನೆನಪಿಸಿದ್ರೆ ಈಗ ತಾವೇ ಕೀ ಬಿಟ್ಟು ಹೋಗ್ತಾರೆ. ಒಟ್ಟು 11 ಕೀಗೆ ವಾರಸುದಾರರೇ ಬಂದಿಲ್ಲ, ಗಾಡಿ ಹೆಂಗ್ ತಗೊಂಡೋದ್ರೋ ದೇವ್ರೇ ಬಲ್ಲ.

ದಮ್ಮಿನ ದೊರೆ
ಸೇದೋ ವಿಷಯಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.

ಮಾಜಿ ಕ್ಯಾಪ್ಟನ್
ಕೊಟ್ಟಾಗಿದೆ. 780 ರೂಪಾಯಿ ಬಿಲ್ ಪ್ರತಿ ತಿಂಗಳು ಬರುತ್ತೆ, ಅಡ್ರೆಸ್ ಕಳಿಸಿ.

ಹುಬ್ಬಳ್ಳಿ ಹುಡುಗ
ಎಲ್ಲಾರಿಗೂ ಉಪಕಾರ ಆತ್ರಿ. ಮೈಸೂರು ಅಕ್ಕಾರು ಬರದದ್ದು ಅಪ್ಪಾಗ ಓದಿ ಹೇಳ್ದೆ, ಏನೂ ಮಾತಾಡ್ಲಿಲ್ಲ, ಎದ್ದು ಹೊರಗ ಹ್ವಾದ್ರು. ಕೀ ಹಲಗಿ ನಾಳೆನ ಹೊಡಸ್ತೀನಿ. ಸ್ಮೋಕಿಂಗ್ ರೂಮಿಂದು ತಮ್ಮ ಇನ್ನೂ ಬಿಡವಲ್ಲ, ಅಂವಗ ತುಂಗಾ ತೀರದ ಅಣ್ಣಾರ ಲೆಕ್ಕಾ ತೋರ್ಸಿದ್ರ "ಆ ಎರಡನೇ ಡೋರ್ ಕ್ಲೋಸರ್ ಅವ್ರ ಕಡೆ ಹಂಗ ಬಿದ್ದಿರತೈತಿ, ಕೇಳು" ಅಂತಾನ. ಐತೇನ್ರಿ ಅಣ್ಣಾ?

ತುಂಗಾ ತೀರದವ
ಇದೆ. 1,500. ಲಾರಿ ಚಾರ್ಜ್ ನಿಮ್ದು.