ಬೆಣ್ಣೆ ದೋಸೆ: ಮೇಲೆ ಬಿಳಿ, ಒಳಗೆ ಅಂಟು, ಬೆಣ್ಣೆ ಮಾತ್ರ ಕರಿ. ಏನು ಮಾಡಲಿ?

ದುರ್ಗದ ಅಡುಗೆಮನೆ (ಚಿತ್ರದುರ್ಗ)

ನಮಸ್ಕಾರ. ದಾವಣಗೆರೆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ನೋಡಿ. ನನಗೆ ಮಾಮೂಲಿ ದೋಸೆ ಚೆನ್ನಾಗೇ ಬರುತ್ತದೆ. ಮಂಡಕ್ಕಿ ಹಾಕಿ ಬೆಣ್ಣೆ ದೋಸೆಗೆ ಅಂತ ಹಿಟ್ಟು ಮಾಡಿದಾಗಲೇ ಈ ಗೋಳು.

ಮೊದಲ ದೋಸೆ ಹಂಚಿಗೇ ಕಚ್ಚಿಕೊಳ್ಳುತ್ತದೆ. ಆಮೇಲಿನವು ಏಳುತ್ತವೆ, ಆದರೆ ಬಣ್ಣ ಬರಲ್ಲ, ಬಿಳಿಚಿಕೊಂಡಿರುತ್ತವೆ. ಮುರಿದರೆ ಒಳಗೆ ಅಂಟಂಟು. ಬಣ್ಣ ಬರಲಿ ಅಂತ ಉರಿ ಜಾಸ್ತಿ ಮಾಡಿದರೆ ಬೆಣ್ಣೆ ಕರಿ ಚುಕ್ಕೆಯಾಗಿ ಸೀದ ವಾಸನೆ ಹೊಡೆಯುತ್ತದೆ.

ಅಳತೆ ಹೇಳಿಬಿಡುತ್ತೇನೆ. ದೋಸೆ ಅಕ್ಕಿ 3 ಲೋಟ, ಉದ್ದಿನಬೇಳೆ ಮುಕ್ಕಾಲು ಲೋಟ, ಮಂಡಕ್ಕಿ 2 ಲೋಟ, ಮೆಂತ್ಯ 1 ಚಮಚ. ಎಲ್ಲ ಒಟ್ಟಿಗೇ ನೆನೆಹಾಕಿ, ಸಂಜೆ ರುಬ್ಬಿ, ಉಪ್ಪು ಹಾಕಿ ಇಡುತ್ತೇನೆ.

ಫಿಲ್ಟರ್ ಕಾಫಿ (ಬೆಂಗಳೂರು)

ಒಂದು ಚಿಟಿಕೆ ಸೋಡಾ ಹಾಕಿ ನೋಡಿ ಮೇಡಂ. ಬಣ್ಣನೂ ಬರುತ್ತೆ, ಹಗುರನೂ ಆಗುತ್ತೆ.

ಹಂಚಿನ ಮುಂದೆ (ದಾವಣಗೆರೆ)

ಸೋಡಾ ಬೇಡ ಸರ್. ಬಣ್ಣ ಬರೋದೇನೋ ನಿಜ. ಆದರೆ ಚೂರು ಹೆಚ್ಚಾದರೂ ಸಾಬೂನಿನ ವಾಸನೆ. ಮೈತುಂಬ ತೂತಾಗಿ ಹಾಕಿದ ಬೆಣ್ಣೆಯನ್ನೆಲ್ಲ ಹೀರಿಕೊಳ್ಳುತ್ತದೆ, ತಿಂದ ಮೇಲೆ ಹೊಟ್ಟೆ ಭಾರ. ಹಿಟ್ಟು ಸರಿಯಾಗಿ ಹುದುಗಿದ್ದರೆ ಸೋಡಾಕ್ಕೆ ಕೆಲಸವೇ ಇಲ್ಲ.

ಅಕ್ಕ, ಸ್ವಲ್ಪ ವಿವರ ಬೇಕು. ಹಂಚು ಕಬ್ಬಿಣದ್ದಾ, ನಾನ್‌ಸ್ಟಿಕ್ಕಾ? ಬೆಣ್ಣೆ ಯಾವಾಗ ಹಾಕುತ್ತೀರಿ, ದೋಸೆ ಹುಯ್ಯೋಕೆ ಮುಂಚೆನಾ, ಆಮೇಲಾ? ಯಾವ ಬೆಣ್ಣೆ? ಹಿಟ್ಟು ಫ್ರಿಜ್ಜಿಂದ ತೆಗೆದು ನೇರವಾಗಿ ಹುಯ್ಯುತ್ತೀರಾ?

ದುರ್ಗದ ಅಡುಗೆಮನೆ

ಹಂಚು ಕಬ್ಬಿಣದ್ದೇ, ಅತ್ತೆಯವರ ಕಾಲದ್ದು. ಮೊದಲು ಹಂಚಿಗೆ ಬೆಣ್ಣೆ ಸವರಿ ಆಮೇಲೆ ಹಿಟ್ಟು ಹುಯ್ಯುತ್ತೇನೆ, ಮೇಲೂ ಸ್ವಲ್ಪ ಹಾಕುತ್ತೇನೆ. ಅಂಗಡಿಯ ಪ್ಯಾಕೆಟ್ ಬೆಣ್ಣೆ, ಹಳದಿದು. ಭಾನುವಾರಕ್ಕೆ ಅಂತ ಶುಕ್ರವಾರವೇ ರುಬ್ಬಿಟ್ಟು, ಉಬ್ಬಿದ ಮೇಲೆ ಫ್ರಿಜ್ಜಿಗೆ. ಹೌದು, ತೆಗೆದು ಹಾಗೇ ಹುಯ್ಯುತ್ತೇನೆ.

ಹಂಚಿನ ಮುಂದೆ

ಸರಿ, ಗೊತ್ತಾಯಿತು. ನಿಮ್ಮ ಅಳತೆ ಮುಟ್ಟಬೇಡಿ, ಅದು ಚೆನ್ನಾಗೇ ಇದೆ. ಯಾವುದನ್ನು ಯಾವಾಗ ಹಾಕುತ್ತೀರಿ ಅನ್ನೋದರಲ್ಲೇ ಎಲ್ಲ ಎಡವಟ್ಟು.

ಮೊದಲು ಮಂಡಕ್ಕಿ. ಅದು ಆಗಲೇ ಬೆಂದು ಅರಳಿದ ಅಕ್ಕಿ. ಭಟ್ಟಿಯಲ್ಲಿ ಕಾದ ಮರಳಲ್ಲಿ ಹುರಿದು ಅರಳಿಸಿರುತ್ತಾರೆ. ನೀರು ಕಂಡರೆ ಸಾಕು, ಕುಡಿದು ಕೂರುತ್ತದೆ. ಅಕ್ಕಿ ಜೊತೆ ನಾಲ್ಕೈದು ಗಂಟೆ ನೆನೆದರೆ ಗಂಜಿಯಾಗಿರುತ್ತದೆ. ನಿಮ್ಮ ದೋಸೆ ಒಳಗಿನ ಅಂಟು ಆ ಗಂಜಿಯೇ. ಅಕ್ಕಿ ಒಂದು ಕಡೆ, ಬೇಳೆ, ಮೆಂತ್ಯ ಇನ್ನೊಂದು ಕಡೆ, ಇಷ್ಟನ್ನು ಮಾತ್ರ ನೆನೆಹಾಕಿ. ಬೇಳೆಯನ್ನು ನುಣ್ಣಗೆ ರುಬ್ಬಿ ತೆಗೆದಿಡಿ. ಅಕ್ಕಿ ಮುಕ್ಕಾಲು ಭಾಗ ನುರಿದಾಗ ಮಂಡಕ್ಕಿಯನ್ನು ನೀರಲ್ಲಿ ಐದು ನಿಮಿಷ ಮುಳುಗಿಸಿ, ಗಟ್ಟಿಯಾಗಿ ಹಿಂಡಿ, ಅದರ ಜೊತೆ ಸೇರಿಸಿ. ಅದಕ್ಕೆ ಅಂತ ಮತ್ತೆ ನೀರು ಹಾಕಬೇಡಿ. ನಮ್ಮ ಕಡೆ ಮಂಡಕ್ಕಿಗೆ ಉಪ್ಪು ಹಾಕಿಯೇ ಹುರಿಯೋದು. ಒಂದು ಹಿಡಿ ಬಾಯಿಗೆ ಹಾಕಿ ನೋಡಿ, ಹಿಟ್ಟಿಗೆ ಅಷ್ಟು ಉಪ್ಪು ಕಡಿಮೆ ಮಾಡಿ.

ಹಂಚಿಗೆ ಮೊದಲು ಬೆಣ್ಣೆ ಸವರೋದನ್ನು ಮಾತ್ರ ಇವತ್ತೇ ಬಿಡಿ. ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಜಿಡ್ಡು, ಸುಮಾರು 16 ಭಾಗ ನೀರು, ಮಿಕ್ಕಿದ್ದು ಹಾಲಿನ ಅಂಶ. ಕಾದ ಹಂಚಿಗೆ ಬಿದ್ದ ತಕ್ಷಣ ನೀರು ಹಂಚನ್ನು ತಣಿಸುತ್ತದೆ, ಹಾಲಿನ ಅಂಶ ಸೀದು ಕರಿ ಚುಕ್ಕೆಯಾಗುತ್ತದೆ. ಜಿಡ್ಡು ಜಾಸ್ತಿಯಾದರೆ ಹಿಟ್ಟು ಜಾರುತ್ತದೆ, ಹಂಚು ಹಿಡಿಯಲ್ಲ. ಹಂಚು ಹಿಡಿಯದೆ ಬಣ್ಣ ಎಲ್ಲಿಂದ ಬರಬೇಕು? ಮೊದಲಿಗೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಅಷ್ಟೇ. ಫ್ರಿಜ್ಜಿನ ಹಿಟ್ಟನ್ನು ಒಂದು ಗಂಟೆ ಮುಂಚೆ ಹೊರಗಿಡಿ. ತಣ್ಣನೆ ಹಿಟ್ಟಿಗೆ ಹಂಚೂ ತಣ್ಣಗಾಗಿ ಮೊದಲ ದೋಸೆ ಕಚ್ಚಿಕೊಳ್ಳುತ್ತದೆ.

ಇನ್ನು ಹುಯ್ಯೋದು. ಹಂಚಿಗೆ ನೀರು ಚಿಮುಕಿಸಿ. ಚುಂಯ್ ಅಂತ ಕೂಡಲೇ ಆರಿದರೆ ಸರಿ. ಹನಿ ಗುಂಡಗಾಗಿ ಉರುಳಾಡಿದರೆ ಜಾಸ್ತಿ ಕಾದಿದೆ ಅಂತ. ಆಗ ಹುಯ್ದರೆ ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿ, ಉರಿ ತಗ್ಗಿಸಿ. ಹಿಟ್ಟು ಹುಯ್ದು ಸ್ವಲ್ಪ ದಪ್ಪಗೇ ಬಿಡಿ, ಪೇಪರ್ ದೋಸೆ ಥರ ಎಳೆಯಬೇಡಿ. ತೂತುಗಳು ತೆರೆದುಕೊಳ್ಳುತ್ತವೆ. ಮೇಲೆ ಇನ್ನೂ ಹಸಿ ಹೊಳಪು ಇರುವಾಗ ಬೆಣ್ಣೆ ಹಾಕಬೇಡಿ, ತೂತು ಮುಚ್ಚಿಹೋಗುತ್ತದೆ. ಹೊಳಪು ಹೋಗಿ, ಅಂಚು ತಾನಾಗಿ ಏಳೋಕೆ ಶುರುವಾದಾಗ ನಿಂಬೆಗಾತ್ರದ ಬೆಣ್ಣೆ ನಡುವೆ ಇಟ್ಟು ಸವರಿ, ಅಂಚಿಗೂ ಬಿಡಿ.

ಈಗ ಕಿವಿಗೆ ಕೆಲಸ. ಬೆಣ್ಣೆ ಕೆಳಗಿಳಿದು ಚುರುಚುರು ಸದ್ದು ಮಾಡುತ್ತದೆ, ನೊರೆ ಬರುತ್ತದೆ. ಅದು ಬೆಣ್ಣೆಯ ನೀರು ಹೋಗುತ್ತಿರುವ ಸದ್ದು. ಸದ್ದು ಇರುವವರೆಗೆ ಬಣ್ಣ ಅಷ್ಟಕ್ಕಷ್ಟೇ. ಸದ್ದು ಇಳಿದ ಮೇಲೆ ಬೇಗ ಕೆಂಪಾಗುತ್ತದೆ. ಆ ಹೊತ್ತಲ್ಲಿ ಫೋನ್ ನೋಡ್ತಾ ನಿಂತರೆ ಕರಿ. ತಿರುವಿ ಹಾಕಿ, ಸ್ವಲ್ಪ ಬಿಟ್ಟು ತೆಗೆಯಿರಿ. ಉರಿ ಮಧ್ಯಮಕ್ಕಿಂತ ಮೇಲೆ ಬೇಡವೇ ಬೇಡ.

ಕೆಲವರು ಬಣ್ಣಕ್ಕೆ ಅಂತ ಎರಡು ಚಮಚ ಮೈದಾ ಕಲಸುತ್ತಾರೆ. ಹೋಟೆಲ್‌ನಲ್ಲಿ ಇರಬಹುದು, ಮನೆಗೆ ಬೇಡ ಅಂತ ನನ್ನ ಲೆಕ್ಕ. ಅರ್ಧ ಚಮಚ ಸಕ್ಕರೆ ಸಾಕು. ಅದರಲ್ಲೂ ನಿಮ್ಮದು ಎರಡು ದಿನದ ಹಿಟ್ಟು. ಹುಳಿ ಏರಿದಷ್ಟೂ ಹಿಟ್ಟಿನ ಸಿಹಿ ತೀರುತ್ತಾ ಬರುತ್ತದೆ, ಬಣ್ಣ ಮಂಕಾಗುತ್ತದೆ.

ಮಜ್ಜಿಗೆ ಕಡಗೋಲು (ಜಗಳೂರು)

ಅಣ್ಣ ಹೇಳಿದ್ದರ ಜೊತೆ ಬೆಣ್ಣೆ ಬಗ್ಗೆ ಒಂದು ಮಾತು. ಆ ಹಳದಿ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕಿರುತ್ತಾರೆ. ದೋಸೆಗೆ ಬೇಕಾದ್ದು ಉಪ್ಪಿಲ್ಲದ ಬಿಳಿ ಬೆಣ್ಣೆ. ಮನೆಯಲ್ಲಿ ಕೆನೆ ಕೂಡಿಟ್ಟು, ಹೆಪ್ಪು ಹಾಕಿ ಕಡೆದರೆ ಆಯಿತು. ಆದರೆ ಬೆಣ್ಣೆ ಬಂದ ಮೇಲೆ ತಣ್ಣೀರಲ್ಲಿ ತೊಳೆಯಬೇಕು. ಒಂದು ಸಲ ತೊಳೆದು ಮುಗಿಸುವವರೇ ಜಾಸ್ತಿ. ತೊಳೆದ ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಇರಿ. ಒಳಗೆ ಮಜ್ಜಿಗೆ ಉಳಿದರೆ ಅದೇ ಹಂಚಲ್ಲಿ ಸೀಯೋದು, ಬೆಣ್ಣೆಯೂ ಬೇಗ ಹುಳಿಯಾಗುತ್ತದೆ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ನಾನೂ ನಿಮ್ಮ ಊರಿನವನೇ. ನಮ್ಮಲ್ಲಿ ಚಳಿಗಾಲದಲ್ಲಿ ಹಿಟ್ಟು ಬೇಗ ಉಬ್ಬಲ್ಲ. ಕಿಟಕಿ ಚೂರು ತೆರೆದಿದ್ದರೂ ಗಾಳಿ ಹೊಡೆದು ಪಾತ್ರೆ ತಣ್ಣಗಾಗಿರುತ್ತದೆ. ಹಿಟ್ಟು ಹುದುಗಲು 28ರಿಂದ 32 ಡಿಗ್ರಿ ಶಾಖ ಸಿಕ್ಕರೆ ಚೆನ್ನ. ನಾನು ಅಗಲವಾದ ಪಾತ್ರೆಯಲ್ಲಿ ಉಗುರು ಬೆಚ್ಚಗಿನ ನೀರಿಟ್ಟು, ಅದರೊಳಗೆ ಹಿಟ್ಟಿನ ಡಬ್ಬಿ ಕೂರಿಸಿ, ಹಳೇ ಕಂಬಳಿ ಹೊದಿಸುತ್ತೇನೆ. ಬಿಸಿ ನೀರು ಬೇಡ, ಹಿಟ್ಟನ್ನು ಉಬ್ಬಿಸುವ ಜೀವಾಣುಗಳೇ ಸತ್ತುಹೋಗುತ್ತವೆ. ಕೈಯಿಂದ ಚೆನ್ನಾಗಿ ಕಲಸಿ ಇಡಿ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಸೌಟಲ್ಲಿ ಎತ್ತಿದಾಗ ಒಳಗೆ ಸಣ್ಣ ಗುಳ್ಳೆ ಕಾಣಬೇಕು.

ಮಿಕ್ಸಿಯಲ್ಲಿ ರುಬ್ಬುತ್ತೀರಾ? ಹಾಗಾದರೆ ನಡುನಡುವೆ ನಿಲ್ಲಿಸಿ, ತಣ್ಣೀರು ಬಳಸಿ. ಹಿಟ್ಟು ಬಿಸಿಯಾದರೆ ಆಮೇಲೆ ಸರಿಯಾಗಿ ಉಬ್ಬಲ್ಲ.

ದುರ್ಗದ ಅಡುಗೆಮನೆ

ಎಲ್ಲರಿಗೂ ಧನ್ಯವಾದ. ಈ ಭಾನುವಾರ ಮಂಡಕ್ಕಿ ಹಿಂಡಿ ಕೊನೆಗೆ ಹಾಕಿದೆ. ಹಿಟ್ಟು ನೋಡಿದರೇ ವ್ಯತ್ಯಾಸ ಗೊತ್ತಾಯಿತು, ಮೊದಲಿನ ಥರ ಜಾರಿ ಬೀಳಲ್ಲ, ಸೌಟಲ್ಲಿ ನಿಲ್ಲುತ್ತದೆ. ಒಳಗಿನ ಅಂಟು ಹೋಯಿತು. ಬೆಣ್ಣೆ ಸದ್ದಿನ ವಿಷಯ ನಿಜ ಕಣಣ್ಣ! ಸದ್ದು ಇಳಿದ ಮೇಲೆ ನೋಡ್ತಾ ನೋಡ್ತಾ ಕೆಂಪಾಯಿತು. ಮಗ ಎರಡು ಬೆಣ್ಣೆ ಖಾಲಿ ದೋಸೆ ತಿಂದು ಮೂರನೆಯದಕ್ಕೆ ತಟ್ಟೆ ಹಿಡಿದು ನಿಂತಿದ್ದ.

ಆದರೆ ಬಣ್ಣ ನಡುವೆ ಮಾತ್ರ, ಅಂಚು ಇನ್ನೂ ಬಿಳಿ. ಮತ್ತೆ ನಿಮ್ಮಲ್ಲಿ ಪಲ್ಯ, ಚಟ್ನಿ ಬೇರೆ ಥರ ಇರುತ್ತದೆ ಅಲ್ವಾ? ನನ್ನದು ಬೆಂಗಳೂರು ಮಸಾಲೆ ದೋಸೆ ಪಲ್ಯದ ಥರ ಆಗುತ್ತಿದೆ. ಹಾಗೇ ಇನ್ನೊಂದು, ಇದನ್ನು ರಾಗಿಯಲ್ಲಿ ಮಾಡಬಹುದಾ?

ಹಂಚಿನ ಮುಂದೆ

ಅಂಚಿನ ಕಥೆ ಗ್ಯಾಸ್ ಒಲೆಯದ್ದು. ಉರಿಯೆಲ್ಲ ನಡುವೆಯೇ ಬೀಳುತ್ತದೆ. ಕೆಂಡದ ಒಲೆಯಾದರೆ ಹಂಚಿನ ಅಡಿಗೆಲ್ಲ ಶಾಖ ಹರಡುತ್ತದೆ. ದೊಡ್ಡ ಬರ್ನರ್ ಮೇಲಿಟ್ಟು, ಮೊದಲೇ ಐದಾರು ನಿಮಿಷ ಸಣ್ಣ ಉರಿಯಲ್ಲಿ ಕಾಯಿಸಿ. ದೋಸೆ ಬೇಯುವಾಗ ಹಂಚನ್ನು ಇಕ್ಕಳದಲ್ಲಿ ಹಿಡಿದು ಅತ್ತಿತ್ತ ಸರಿಸಿ, ಒಂದೊಂದು ಅಂಚೂ ಉರಿ ಮೇಲೆ ಬರುವ ಹಾಗೆ. ಅಥವಾ ದೋಸೆಯನ್ನೇ ಚಿಕ್ಕದು ಮಾಡಿ. ನಮ್ಮ ದೋಸೆ ಹೇಗೂ ದೊಡ್ಡದಲ್ಲ.

ಪಲ್ಯಕ್ಕೆ ಅರಿಶಿನ ಬಿಡಿ. ಬೇಯಿಸಿದ ಆಲೂಗಡ್ಡೆ ನುಣ್ಣಗೆ ಮಸೆದು, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು. ಬೆಳ್ಳಗೆ, ಮೆತ್ತಗೆ ಇರಬೇಕು. ಚಟ್ನಿಗೆ ಕಾಯಿ, ಪುಟಾಣಿ, ಹಸಿಮೆಣಸಿನಕಾಯಿ. ಖಾರ ಮುಂದಿರಲಿ, ಸ್ವಲ್ಪ ನೀರಾಗೇ ಇರಲಿ. ಇಷ್ಟು ಬೆಣ್ಣೆ ತಿನ್ನುವಾಗ ಸಪ್ಪೆ ಚಟ್ನಿ ಇದ್ದರೆ ಎರಡನೇ ತುತ್ತಿಗೇ ಬಾಯಿ ಕಟ್ಟುತ್ತದೆ.

ರಾಗಿ ಬಗ್ಗೆ: ನಮ್ಮೂರಲ್ಲಿ ಹೇಳೋ ಪ್ರಕಾರ ಶುರುವಾಗಿದ್ದೇ ರಾಗಿ ದೋಸೆಯಿಂದ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳ ಜೊತೆ ಬಂದ ಚೆನ್ನಮ್ಮ ಅನ್ನುವವರು ರಾಗಿ ದೋಸೆ ಮಾಡಿ ಮಾರುತ್ತಿದ್ದರಂತೆ. ಅಕ್ಕಿ, ಮಂಡಕ್ಕಿ ಆಮೇಲೆ ಬಂದದ್ದು. ನೀವು ಅಕ್ಕಿಯಲ್ಲಿ ಒಂದು ಲೋಟ ಕಡಿಮೆ ಮಾಡಿ, ಅಷ್ಟು ರಾಗಿ ಹಿಟ್ಟು ರುಬ್ಬಿದ ಮೇಲೆ ಕಲಸಿ ನೋಡಿ. ಬಣ್ಣ ನೋಡಿ ಬೆಂದಿದ್ದು ಗೊತ್ತಾಗಲ್ಲ, ಆದ್ದರಿಂದ ಸದ್ದನ್ನೇ ನಂಬಿ.

ಫಿಲ್ಟರ್ ಕಾಫಿ

ಸೋಡಾ ಮಾತು ವಾಪಸ್ ತಗೊಂಡೆ ಸರ್. ಉಳಿದ ಹಿಟ್ಟು ಸೋಮವಾರಕ್ಕೆ ಹುಳಿ ಬಂದರೆ ಏನು ಮಾಡೋದು, ಅದನ್ನೂ ಹೇಳಿಬಿಡಿ.

ಮಜ್ಜಿಗೆ ಕಡಗೋಲು

ಅದಕ್ಕೆ ಪಡ್ಡು ಇದೆಯಲ್ಲ! ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಒಂದು ಹಿಡಿ ಚಿರೋಟಿ ರವೆ ಹಾಕಿ ಹತ್ತು ನಿಮಿಷ ಬಿಡಿ. ಪಡ್ಡಿನ ಹಂಚು ಚೆನ್ನಾಗಿ ಕಾದ ಮೇಲೆ ಹುಯ್ಯಿರಿ. ಅದಕ್ಕೆ ಎಣ್ಣೆ ಸಾಕು, ಬೆಣ್ಣೆ ಮುಂದಿನ ಭಾನುವಾರಕ್ಕೆ ಇರಲಿ.