ಆಂಡ್ರಾಯ್ಡ್ ಬಿಟ್ಟು ಐಫೋನ್: ಗುರುಗಳ ವಾಯ್ಸ್ ಮೆಸೇಜ್ ಬಂದಿಲ್ಲ, ಯುಪಿಐ ಕೂಡ ಆಗುತ್ತಿಲ್ಲ

ಮದ್ದಳೆಪ್ರಿಯೆ

ಎಲ್ಲರಿಗೂ ನಮಸ್ಕಾರ. ಸ್ಮಾರ್ಟ್‌ಫೋನ್ ಹಿಡಿದ ದಿನದಿಂದ ನಾನು ಒಂದೇ ಕಂಪನಿಯ ಆಂಡ್ರಾಯ್ಡ್ ಬಿಟ್ಟು ಬೇರೆ ಮುಟ್ಟಿದವಳಲ್ಲ. ಒಂದು ಹಳತಾದರೆ ಅದೇ ಕಂಪನಿಯ ಇನ್ನೊಂದು. ಈಗಿನದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದೆ. ಬ್ಯಾಂಕಿನದೆಲ್ಲ ಅದರಲ್ಲೇ ಇರುವುದರಿಂದ ಹೆದರಿಕೆಯಾಗಿ ಈ ಸಲ ಐಫೋನ್ 16 ತಗೊಂಡೆ.

ಅಂಗಡಿಯವರೇ ಸೆಟಪ್ ಮುಗಿಸಿ, ವಾಟ್ಸಾಪ್ ಹಾಕಿ ಕೊಟ್ಟರು. ಮನೆಗೆ ಬಂದು ತೆರೆದರೆ ವಾಟ್ಸಾಪ್ ಪೂರ್ತಿ ಖಾಲಿ. ಗೂಗಲ್ ಡ್ರೈವ್‌ನಲ್ಲಿ ಬ್ಯಾಕಪ್ ಇದೆ, ಆದರೆ ಐಫೋನ್ ಅದನ್ನು ಕೇಳುವುದೇ ಇಲ್ಲ. ನಾನು ಯಕ್ಷಗಾನದಲ್ಲಿ ಬಡಗುತಿಟ್ಟಿನ ಭಾಗವತಿಕೆ, ಅಂದರೆ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಗುರುಗಳು ದೂರದಲ್ಲಿರುವುದರಿಂದ ಪದ್ಯ ಹಾಡಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಪದ್ಯದ ಎತ್ತುಗಡೆ ಎಲ್ಲಿ, ಝಂಪೆ ತಾಳದಲ್ಲಿ ಮಾತು ಎಲ್ಲಿ ಒಡೆಯಬೇಕು, ಎಲ್ಲ ಅದರಲ್ಲೇ ಇದೆ. ಅವರಿಗೆ ವಯಸ್ಸಾಗಿದೆ, ಮತ್ತೆ ಎಲ್ಲ ಹಾಡಿಸುವ ಹಾಗಿಲ್ಲ. ನನಗೆ ಬೇರೆ ಏನು ಹೋದರೂ ಪರವಾಗಿಲ್ಲ, ಅದು ಬೇಕೇ ಬೇಕು.

ಇನ್ನೊಂದು ತೊಂದರೆ. ಬ್ಯಾಂಕಿಗೆ ಕೊಟ್ಟಿರುವುದು ನನ್ನ ಎರಡನೇ ನಂಬರ್. ಈ ಫೋನಿಗೆ ಪ್ಲಾಸ್ಟಿಕ್ ಸಿಮ್ ಒಂದೇ ಹಿಡಿಸುವುದರಿಂದ ಅದನ್ನು ಇ-ಸಿಮ್ (ಪ್ಲಾಸ್ಟಿಕ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್) ಮಾಡಿಸಿದೆ. ಯುಪಿಐ ಆ್ಯಪ್ ಪ್ರತಿ ಸಲ ನಂಬರ್ ಪರಿಶೀಲನೆಯಲ್ಲೇ ನಿಲ್ಲುತ್ತದೆ. ಕಾಂಟ್ಯಾಕ್ಟ್ಸ್ ಕೂಡ ಅರ್ಧ ಮಾತ್ರ ಬಂದಿವೆ. ದಯವಿಟ್ಟು ದಾರಿ ತೋರಿಸಿ.

ಕಾಫಿಸೀಮೆ

ಅಕ್ಕಾ, ಮೊದಲು ಒಂದು ಮಾತು: ಹಳೇ ಫೋನಿನ ವಾಟ್ಸಾಪ್ ಅನ್‌ಇನ್‌ಸ್ಟಾಲ್ ಮಾಡ್ಬೇಡಿ, ಆ ಫೋನ್ ಯಾರಿಗೂ ಕೊಡ್ಬೇಡಿ. ಈಗ ಅದನ್ನ ತೆರೆದ್ರೆ ಏನು ತೋರಿಸುತ್ತೆ? ಇ-ಸಿಮ್ ಯಾವಾಗ ಮಾಡಿಸಿದ್ದು?

ಮದ್ದಳೆಪ್ರಿಯೆ

ಹಳೆಯದರಲ್ಲಿ ‘ಈ ನಂಬರ್ ಬೇರೆ ಫೋನಿನಲ್ಲಿ ನೋಂದಣಿಯಾಗಿದೆ’ ಎಂಬ ಅರ್ಥದ ಸಂದೇಶ ಬರುತ್ತದೆ. ಆ್ಯಪ್ ತೆಗೆದಿಲ್ಲ. ಇ-ಸಿಮ್ ನಿನ್ನೆ ಸಂಜೆ ಚಾಲೂ ಆಯಿತು.

ಡಿಜಿಟಲ್ ದೋಸ್ತ್

ಕಂಪ್ಯೂಟರಿಗೆ ಹಾಕಿ ಎರಡೂ ಫೋನ್ ಜೋಡಿಸಿದರೆ ವಾಟ್ಸಾಪ್ ಸಾಗಿಸುವ ಸಾಫ್ಟ್‌ವೇರ್‌ಗಳು ದುಡ್ಡಿಗೆ ಸಿಗುತ್ತವೆ ಮೇಡಂ, ನೋಡಿ.

ಬೆಸುಗೆ

ದೋಸ್ತ್, ನೀವು ಒಳ್ಳೆಯದಕ್ಕೇ ಹೇಳಿದ್ದೀರಿ, ಆದರೆ ಅದು ಬೇಡ. ಆ ತಂತ್ರಾಂಶಗಳು ಇಡೀ ಚಾಟ್ ತೆರೆದು ಓದಬಲ್ಲ ಅನುಮತಿ ಕೇಳುತ್ತವೆ. ದುಡ್ಡು ಕೊಟ್ಟು ಅಷ್ಟನ್ನು ಒಪ್ಪಿಸುವ ಅಗತ್ಯವೇ ಇಲ್ಲ. 2022ರಿಂದ ಅಧಿಕೃತ ದಾರಿಯೇ ಇದೆ, ಅದೂ ಉಚಿತ.

ಮೇಡಂ, ನಿಮ್ಮ ಧ್ವನಿಗಳು ಎಲ್ಲೂ ಹೋಗಿಲ್ಲ. ವಾಟ್ಸಾಪ್‌ನ ಗೂಗಲ್ ಡ್ರೈವ್ ಬ್ಯಾಕಪ್ ಆಂಡ್ರಾಯ್ಡ್‌ಗೆ ಮಾತ್ರ, ಐಕ್ಲೌಡ್ ಬ್ಯಾಕಪ್ ಐಫೋನ್‌ಗೆ ಮಾತ್ರ. ಒಂದರದು ಇನ್ನೊಂದಕ್ಕೆ ಇಳಿಯುವುದಿಲ್ಲ. ಹಾಗಾಗಿ ಡ್ರೈವ್ ಮರೆತುಬಿಡಿ. ಚಾಟ್‌ಗಳು ಹಳೇ ಫೋನಿನ ಒಳಗೇ ಇವೆ, ಅಲ್ಲಿಂದ ಆಪಲ್‌ನ ‘ಮೂವ್ ಟು ಐಒಎಸ್’ ಆ್ಯಪ್ ಮೂಲಕ ತರಬೇಕು. ಅದು ಕೆಲಸ ಮಾಡುವುದು ಐಫೋನ್ ಹೊಸದಾಗಿದ್ದಾಗ ಅಥವಾ ಪೂರ್ತಿ ಅಳಿಸಿ ಮತ್ತೆ ಸೆಟಪ್ ಮಾಡುವಾಗ ಮಾತ್ರ. ನಿಮ್ಮದು ಅಂಗಡಿಯಲ್ಲೇ ಸೆಟಪ್ ಆಗಿಬಿಟ್ಟಿರುವುದರಿಂದ ಈಗ ಅಳಿಸಲೇಬೇಕು.

ಆದರೆ ಅದಕ್ಕೂ ಮೊದಲಿನ ಕೆಲಸ ಒಂದಿದೆ. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಗುರುಗಳ ಧ್ವನಿಯನ್ನು ವಾಟ್ಸಾಪ್‌ನಿಂದ ಹೊರಗೆ, ಮಾಮೂಲಿ ಫೈಲುಗಳಾಗಿ ಇಟ್ಟುಕೊಳ್ಳಿ. ಹಳೇ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ‘ಆಂಡ್ರಾಯ್ಡ್’ ಫೋಲ್ಡರ್, ಅದರೊಳಗೆ ‘ಮೀಡಿಯಾ’, ಅದರೊಳಗೆ ವಾಟ್ಸಾಪ್‌ನ ಫೋಲ್ಡರ್ ಹೀಗೆ ಇಳಿಯುತ್ತಾ ಹೋದರೆ ‘ವಾಟ್ಸಾಪ್ ವಾಯ್ಸ್ ನೋಟ್ಸ್’ ಸಿಗುತ್ತದೆ. ಒಳಗೆ ವಾರಕ್ಕೊಂದು ಫೋಲ್ಡರ್ ಇರುತ್ತದೆ, ಪ್ರತಿ ಫೈಲಿನ ಹೆಸರಿನಲ್ಲೇ ತಾರೀಖೂ ಇರುತ್ತದೆ. ಅಷ್ಟನ್ನೂ ಕಾಪಿ ಮಾಡಿ, ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿ.

ಒಂದು ಕೊರತೆ ಏನೆಂದರೆ, ಆ ಫೋಲ್ಡರಿನಲ್ಲಿ ಎಲ್ಲರ ಧ್ವನಿಯೂ ಬೆರೆತಿರುತ್ತದೆ, ಕಳಿಸಿದವರ ಹೆಸರಿರುವುದಿಲ್ಲ. ಅದಕ್ಕಾಗಿ ಹಳೇ ಫೋನಿನಲ್ಲಿ ವಾಟ್ಸಾಪ್ ಮತ್ತೆ ಚಾಲೂ ಆದ ಮೇಲೆ ಗುರುಗಳ ಚಾಟ್ ತೆರೆದು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಮೀಡಿಯಾ ಸಮೇತ ಎಂದು ಆರಿಸಿ. ಜೊತೆಗೊಂದು ಟೆಕ್ಸ್ಟ್ ಫೈಲ್ ಬರುತ್ತದೆ. ಯಾವ ಫೈಲು ಯಾರು ಯಾವತ್ತು ಕಳಿಸಿದ್ದು, ಅದರ ಕೆಳಗೆ ‘ಇದು ಏಕತಾಳದ್ದು’ ಎಂದು ಅವರು ಬರೆದಿದ್ದು, ಎಲ್ಲ ಸಾಲಾಗಿ ಸಿಗುತ್ತದೆ. ತೀರಾ ಉದ್ದದ ಚಾಟ್ ಆದರೆ ಎಕ್ಸ್‌ಪೋರ್ಟ್‌ಗೆ ಮಿತಿಯಿದೆ, ಹೊಸ ಸಂದೇಶಗಳಷ್ಟೇ ಬರುತ್ತವೆ. ಅದಕ್ಕೇ ಫೋಲ್ಡರನ್ನೂ ಕಾಪಿ ಮಾಡಿ ಎಂದದ್ದು.

ಈಗ ಸಾಗಿಸುವ ಕೆಲಸ. ವಾಟ್ಸಾಪ್ ನಂಬರಿನ ಸಿಮ್ ಹಳೇ ಫೋನಿಗೆ ಹಾಕಿ ಅಲ್ಲಿ ಮತ್ತೆ ಲಾಗಿನ್ ಆಗಿ, ಚಾಟ್‌ಗಳೆಲ್ಲ ಕಾಣುತ್ತಿವೆಯೇ ನೋಡಿ. ಐಫೋನ್‌ಗೆ ಈ ನಡುವೆ ಬಂದ ಮೆಸೇಜ್‌ಗಳು ಅಳಿದುಹೋಗುತ್ತವೆ, ಬೇಕಾದ್ದನ್ನು ಬರೆದಿಟ್ಟುಕೊಳ್ಳಿ. ನಂತರ ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ‘ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್’, ಅಲ್ಲಿ ‘ಎರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’. ಆಗ ಇ-ಸಿಮ್ ಉಳಿಸಬೇಕೇ ಅಳಿಸಬೇಕೇ ಎಂದು ಕೇಳುತ್ತದೆ. ಉಳಿಸಿ ಎಂದೇ ಆರಿಸಿ. ಅಳಿಸಿದರೆ ಮತ್ತೆ ಸಿಮ್ ಕಂಪನಿಯ ಬಾಗಿಲಿಗೆ ಹೋಗಬೇಕಾಗುತ್ತದೆ.

ಎರಡೂ ಫೋನ್ ಚಾರ್ಜಿಗೆ ಹಾಕಿ. ಐಫೋನ್ ಸೆಟಪ್‌ನಲ್ಲಿ ‘ಆಂಡ್ರಾಯ್ಡ್‌ನಿಂದ’ ಎಂಬುದನ್ನು ಆರಿಸಿದರೆ ಒಂದು ಕೋಡ್ ತೋರಿಸುತ್ತದೆ, ಹಳೇ ಫೋನಿನ ಮೂವ್ ಟು ಐಒಎಸ್‌ನಲ್ಲಿ ಅದನ್ನು ಒತ್ತಿ. ಪಟ್ಟಿಯಲ್ಲಿ ವಾಟ್ಸಾಪ್, ಕಾಂಟ್ಯಾಕ್ಟ್ಸ್ ಎರಡಕ್ಕೂ ಟಿಕ್ ಇರಲಿ. ನಿಮ್ಮ ಅರ್ಧ ಕಾಂಟ್ಯಾಕ್ಟ್ಸ್ ಗೂಗಲ್‌ನಲ್ಲಿಲ್ಲದೆ ಫೋನಿನ ಮೆಮೊರಿಯಲ್ಲಿ ಉಳಿದಿರಬೇಕು, ಇದರಲ್ಲಿ ಅವೂ ಬರುತ್ತವೆ. ಎಲ್ಲ ಮುಗಿದ ಮೇಲೆ ಐಫೋನಿನಲ್ಲಿ ವಾಟ್ಸಾಪ್ ಇಳಿಸಿ, ಅದೇ ನಂಬರಿನಿಂದ ಲಾಗಿನ್ ಆಗಿ, ‘ಸ್ಟಾರ್ಟ್’ ಒತ್ತಿ. ವಾಟ್ಸಾಪ್ ಕರೆಗಳ ಪಟ್ಟಿ ಬರುವುದಿಲ್ಲ, ಚಾಟ್ ಮತ್ತು ಧ್ವನಿ ಬರುತ್ತವೆ.

ಯುಪಿಐ ಬಗ್ಗೆ: ಸಿಮ್ ಬದಲಿಸಿದರೆ, ಇ-ಸಿಮ್‌ಗೆ ಹೋದರೂ ಸರಿ, ಆ ನಂಬರಿಗೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರ ಸಿಮ್ ಮೋಸದಿಂದ ಮಾಡಿಸಿಕೊಂಡು ಖಾತೆ ದೋಚುವವರನ್ನು ತಡೆಯಲು ಇರುವ ನಿಯಮ ಅದು. ಇವತ್ತು ಸಂಜೆ ಕಳೆಯಲಿ. ಅಲ್ಲಿಯವರೆಗೆ ಪದೇ ಪದೇ ಪ್ರಯತ್ನಿಸಿದರೆ ಆ್ಯಪ್ ತಡೆ ಹಾಕಬಹುದು.

ಹಳೇ ಲೂಮಿಯಾ

ಬೆಸುಗೆಯವರು ಫೈಲುಗಳನ್ನು ಹೊರಗಿಡಿ ಎಂದದ್ದನ್ನು ನಾನೂ ಒತ್ತಿ ಹೇಳುತ್ತೇನೆ. ನಾನು ವಿಂಡೋಸ್ ಫೋನನ್ನು ಕೊನೆಯವರೆಗೂ ಬಿಡದೆ ಬಳಸಿದವನು. 2019ರ ಡಿಸೆಂಬರ್ 31ಕ್ಕೆ ವಾಟ್ಸಾಪ್ ಅದರಲ್ಲಿ ನಿಂತಿತು. ಚಾಟ್‌ಗಳನ್ನು ಬೇರೆ ಫೋನಿಗೆ ಒಯ್ಯಲು ಅಧಿಕೃತ ದಾರಿಯೇ ಇರಲಿಲ್ಲ. ಕಂಪ್ಯೂಟರಿಗೆ ಹಾಕಿಕೊಂಡಿದ್ದ ಫೋಟೊಗಳು, ಇಮೇಲ್ ಮಾಡಿಕೊಂಡಿದ್ದ ಕೆಲವು ಚಾಟ್‌ಗಳು, ಇಷ್ಟೇ ಇವತ್ತಿಗೂ ನನ್ನ ಹತ್ತಿರ ಇರುವುದು. ನಾವು ಕಂಪನಿಯನ್ನು ನಂಬಿ ಕೂರುತ್ತೇವೆ, ಕಂಪನಿ ವ್ಯವಹಾರ ನೋಡಿಕೊಂಡು ಎದ್ದು ಹೋಗುತ್ತದೆ. ಈಗ ಐಫೋನ್ ಒಳಗೆ ಬಂದ ಧ್ವನಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮದ್ದಳೆಪ್ರಿಯೆ

ಬೆಸುಗೆಯವರೇ, ಕಾಪಿ ಆಯಿತು, ಎಕ್ಸ್‌ಪೋರ್ಟ್ ಆಯಿತು. ಐಫೋನ್ ಅಳಿಸಿದೆ, ಇ-ಸಿಮ್ ಉಳಿಸಿದೆ. ಆದರೆ ಸಾಗಿಸುವುದು ಅರ್ಧದಲ್ಲಿ ಕಡಿಯುತ್ತಿದೆ. ಹಳೇ ಫೋನ್ ತಾನಾಗಿಯೇ ಮನೆಯ ವೈಫೈಗೆ ಹಾರುತ್ತದೆ.

ಬೆಸುಗೆ

ಗೊತ್ತಾಯಿತು. ಸಾಗಿಸುವಾಗ ಐಫೋನ್ ತಾತ್ಕಾಲಿಕ ವೈಫೈ ಎಬ್ಬಿಸುತ್ತದೆ, ಅದರಲ್ಲಿ ಇಂಟರ್ನೆಟ್ ಇರುವುದಿಲ್ಲ. ‘ನೆಟ್ ಇಲ್ಲ’ ಎಂದುಕೊಂಡು ನಿಮ್ಮ ಆಂಡ್ರಾಯ್ಡ್ ಬೇರೆ ಕಡೆ ಓಡುತ್ತಿದೆ. ಹಳೇ ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ. ವೈಫೈ ಸೆಟ್ಟಿಂಗ್ಸ್‌ನಲ್ಲಿ ‘ಸ್ಮಾರ್ಟ್ ನೆಟ್‌ವರ್ಕ್ ಸ್ವಿಚ್’ ಥರದ, ತಾನೇ ನೆಟ್‌ವರ್ಕ್ ಬದಲಿಸುವ ಆಯ್ಕೆ ಇರುತ್ತದೆ, ಅದನ್ನೂ ಆಫ್ ಮಾಡಿ. ಮನೆಯ ವೈಫೈಯನ್ನು ‘ಫರ್ಗೆಟ್’ ಮಾಡಿಬಿಡಿ. ಮುಗಿಯುವವರೆಗೆ ಮೂವ್ ಟು ಐಒಎಸ್ ಪರದೆಯ ಮೇಲೇ ಇರಲಿ, ಬೇರೆ ಆ್ಯಪ್ ತೆರೆಯಬೇಡಿ, ಕರೆ ಬಂದರೂ ತೊಂದರೆ. ಐಫೋನಿನಲ್ಲಿ ತುಂಬುತ್ತಾ ಹೋಗುವ ಪಟ್ಟಿ ಪೂರ್ತಿಯಾಗುವ ತನಕ ಆಂಡ್ರಾಯ್ಡ್ ‘ಆಯಿತು’ ಎಂದರೂ ನಂಬಬೇಡಿ.

ಮದ್ದಳೆಪ್ರಿಯೆ

ಬಂತು! ಎಲ್ಲವೂ ಬಂತು. ಮೊದಲು ಕಳಿಸಿದ ಗಣಪತಿ ಸ್ತುತಿಯಿಂದ ಹಿಡಿದು ಎಲ್ಲ ಇದೆ, ಹಿಂದೆ ಶ್ರುತಿ ಪೆಟ್ಟಿಗೆ ಹಿಡಿದ ಸದ್ದೂ ಸೇರಿ. ನಿಮಗೆ ಎಷ್ಟು ಹೇಳಿದರೂ ಕಡಿಮೆ.

ಆದರೆ ರಾತ್ರಿ ಕಳೆದರೂ ಯುಪಿಐ ಆಗಲಿಲ್ಲ.

ಕಾಫಿಸೀಮೆ

ಅಕ್ಕಾ, ಆಂಡ್ರಾಯ್ಡಲ್ಲಿ ಆ್ಯಪ್ ತಾನೇ ಎಸ್ಸೆಮ್ಮೆಸ್ ಕಳಿಸಿಬಿಡ್ತಿತ್ತು. ಐಫೋನಲ್ಲಿ ಹಾಗಿಲ್ಲ, ಬರೆದಿಟ್ಟ ಮೆಸೇಜ್ ತೆರೆದು ತೋರಿಸುತ್ತೆ, ಬಾಣದ ಗುರುತು ನೀವೇ ಒತ್ತಬೇಕು. ಅಲ್ಲಿ ಮೇಲ್ಗಡೆ ಯಾವ ನಂಬರಿಂದ ಹೋಗ್ತಿದೆ ಅಂತ ಇರುತ್ತೆ, ನೋಡಿ. ಎರಡು ಸಿಮ್ ಇದ್ರೆ ಅದು ಮೊದಲನೇದನ್ನೇ ಹಿಡ್ಕೊಂಡಿರುತ್ತೆ. ಅದರ ಮೇಲೆ ಒತ್ತಿ ಬ್ಯಾಂಕ್ ನಂಬರಿಗೆ ಬದಲಿಸಿ. ಒಳಗಿನ ಅಕ್ಷರ ಒಂದನ್ನೂ ಮುಟ್ಬೇಡಿ. ಮತ್ತೆ ಆ ಸಿಮ್ಮಿಗೆ ರೀಚಾರ್ಜ್ ಇದೆ ತಾನೇ? ಪ್ಯಾಕ್ ಮುಗಿದಿದ್ರೆ ಎಸ್ಸೆಮ್ಮೆಸ್ ಹೋಗಲ್ಲ.

ಮದ್ದಳೆಪ್ರಿಯೆ

ನಂಬರ್ ಬದಲಿಸಿದ ತಕ್ಷಣ ಆಯಿತು ತಮ್ಮಾ! ಈಗ ವೇಷಭೂಷಣದವರಿಗೆ ₹12,000 ಕಳಿಸಬೇಕು, ಅದು ಮಾತ್ರ ಹೋಗುತ್ತಿಲ್ಲ. ಮತ್ತೆ ಕನ್ನಡ ಟೈಪಿಂಗ್ ಹೇಗೆ? ಇದನ್ನೆಲ್ಲ ಹಳೇ ಫೋನಿನಿಂದ ಬರೆಯುತ್ತಿದ್ದೇನೆ.

ಬೆಸುಗೆ

ಹೊಸ ಫೋನಿನಲ್ಲಿ ಯುಪಿಐ ನೋಂದಾಯಿಸಿದ ಮೇಲೆ ಸ್ವಲ್ಪ ಕಾಲ ₹5,000ದ ಮಿತಿ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ 24 ಗಂಟೆ, ಐಫೋನ್‌ನಲ್ಲಿ 72 ಗಂಟೆ. ಅವಸರವಿದ್ದರೆ ನೆಟ್‌ಬ್ಯಾಂಕಿಂಗ್‌ನಿಂದ ಕಳಿಸಿ.

ಕೀಬೋರ್ಡ್‌ಗೆ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಕೀಬೋರ್ಡ್ಸ್, ಅಲ್ಲಿ ಹೊಸದನ್ನು ಸೇರಿಸುವ ಕಡೆ ಕನ್ನಡ ಹುಡುಕಿ. ಕನ್ನಡ ಅಕ್ಷರಗಳ ವಿನ್ಯಾಸವೇ ಇದೆ. ಕಂಪ್ಯೂಟರಿಗೆ ಕಾಪಿ ಮಾಡಿದ ಧ್ವನಿ ಫೈಲುಗಳನ್ನು ಮುಂದೆ ಐಫೋನಿನಲ್ಲಿ ಕೇಳಬೇಕೆನಿಸಿದರೆ ವಿಎಲ್‌ಸಿ ಆ್ಯಪ್ ಹಾಕಿಕೊಳ್ಳಿ, ಅದು ಓದುತ್ತದೆ.

ತುಂಗಾತೀರ

ನಮ್ಮ ಅಪ್ಪನದು ಇದರ ಉಲ್ಟಾ, ಐಫೋನ್‌ನಿಂದ ಆಂಡ್ರಾಯ್ಡ್‌ಗೆ. ಅದಕ್ಕೂ ಇದೇ ಆ್ಯಪ್ಪಾ ಸರ್?

ಬೆಸುಗೆ

ಅಲ್ಲ. ಅದಕ್ಕೆ ಎರಡೂ ಫೋನಿಗೆ ಸರಿಹೊಂದುವ ಕೇಬಲ್ ಬೇಕು. ಹೊಸ ಆಂಡ್ರಾಯ್ಡ್ ಸೆಟಪ್ ಮಾಡುವಾಗಲೇ ಜೋಡಿಸಿ, ಅಂಗಡಿಯವರು ಅರ್ಧ ಸೆಟಪ್ ಮಾಡಿ ಕೊಡುವುದು ಬೇಡ. ಸಿಮ್ ತೆಗೆಯುವ ಮೊದಲು ಐಫೋನಿನಲ್ಲಿ ಐಮೆಸೇಜ್ (ಆಪಲ್‌ನದೇ ಮೆಸೇಜ್ ಸೇವೆ) ಆಫ್ ಮಾಡಿ, ಇಲ್ಲದಿದ್ದರೆ ಐಫೋನ್ ಇರುವ ನೆಂಟರು ಕಳಿಸಿದ ಮೆಸೇಜ್ ಅಪ್ಪನಿಗೆ ತಲುಪದೇ ಹೋಗಬಹುದು. ಅವರ ಹಳೇ ಫೋನ್ ಯಾವ ಮಾಡೆಲ್ ಎಂದು ಹೇಳಿ, ಯಾವ ಕೇಬಲ್ ಎಂದು ತಿಳಿಸುತ್ತೇನೆ.