ಅಮ್ಮಾ, ನಾವು ಯಾವ ಬಾಕ್ಸು?

ಮೊನ್ನೆ ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರು: "ಸ್ಕೂಲ್ ಫಾರ್ಮಿನಲ್ಲಿ ರೇಸ್ (ಜನಾಂಗ) ಯಾವುದು ಅಂತ ಇರುತ್ತಲ್ಲ, ಮಗು ಕೇಳಿದರೆ ಏನು ಹೇಳ್ತೀರಿ?" ಹೆಚ್ಚಿನವರು "ಏಷ್ಯನ್ ಅಂತ ಟಿಕ್ ಮಾಡಿ, ಮುಗೀತು" ಎಂದು ಬರೆದರು. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮನೆಯಲ್ಲಿ ಅದು ಅಷ್ಟಕ್ಕೆ ಮುಗಿಯಲಿಲ್ಲ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದಾಗ ಓದಿ.

ಮಗಳಿಗೆ ಹನ್ನೊಂದು ವರ್ಷ. ನಾನು ಏಷ್ಯನ್ ಅನ್ನುವ ಕಡೆ ಟಿಕ್ ಹಾಕುವಾಗ ಪಕ್ಕದಲ್ಲೇ ನಿಂತಿದ್ದಳು. "ಕ್ಲಾಸಿನಲ್ಲಿ ಒಬ್ಬಳು ನೀನು ಏಷ್ಯನ್ ಅಲ್ಲ ಅಂದಳು. ಏಷ್ಯನ್ ಅಂದ್ರೆ ಚೈನೀಸ್, ಕೊರಿಯನ್ ಅಂತೆ" ಎಂದಳು. ಭೂಪಟ ತೋರಿಸಿದೆ. ಅವಳು ಬೆರಳನ್ನು ಮೇಲಕ್ಕೆ ಜಾರಿಸಿ, "ಮತ್ತೆ ರಷ್ಯಾದ ಈ ಕಡೆಯವರು?" ಎಂದಳು. ನನ್ನ ಬಾಯಿ ಕಟ್ಟಿತು. ಇಂಗ್ಲೆಂಡಿನಲ್ಲಿರುವ ತಂಗಿಯ ಮಕ್ಕಳದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಏಷ್ಯನ್ ಅಂದರೆ ಜನರ ಬಾಯಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರೇ. ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ಸಮುದ್ರ ದಾಟುವಷ್ಟರಲ್ಲಿ ಪದದ ಅರ್ಥವೇ ಬೇರೆ.

"ಇದನ್ನೆಲ್ಲ ಯಾರು ಡಿಸೈಡ್ ಮಾಡಿದ್ದು?" ಎಂದಳು. ಆ ವಾರ ನನಗೆ ಅದೇ ಕೆಲಸ ಆಯಿತು.

ಶುರುವಾಗಿದ್ದು 1790ರಲ್ಲಿ. ಅಮೆರಿಕದ ಮೊದಲ ಜನಗಣತಿಯೂ ಅದೇ ವರ್ಷ, ಪೌರತ್ವದ ಮೊದಲ ಕಾನೂನೂ ಅದೇ ವರ್ಷ. ಗಣತಿಯಲ್ಲಿ ಬಿಳಿಯರು, ಇತರ ಸ್ವತಂತ್ರರು, ಗುಲಾಮರು ಅಂತ ಬೇರೆ ಬೇರೆ ಎಣಿಕೆ. ಕಾನೂನಿನಲ್ಲಿ, ಹೊರಗಿನಿಂದ ಬಂದವರು "ಸ್ವತಂತ್ರ ಬಿಳಿಯರು" ಆಗಿದ್ದರೆ ಮಾತ್ರ ಪೌರರಾಗಬಹುದು. ಯಾರಿಗೆ ಏನು ಸಿಗಬೇಕು, ಏನು ಸಿಗಬಾರದು ಎಂದು ಹಂಚುವುದಕ್ಕೇ ಈ ಗೆರೆಗಳು ಬಂದಿದ್ದು. ಆಫ್ರಿಕಾ ಮೂಲದವರನ್ನು ಪೌರತ್ವದ ಕಾನೂನಿಗೆ ಸೇರಿಸಿದ್ದು 1870ರಲ್ಲಿ. ಇವೆರಡರಲ್ಲಿ ಯಾವುದಕ್ಕೂ ಸೇರದವರು ಏನು ಮಾಡಬೇಕು? ಕೋರ್ಟಿಗೆ ಹೋಗಿ "ನಾನು ಬಿಳಿಯ" ಎಂದು ವಾದಿಸಬೇಕು. ನಿಜವಾಗಿಯೂ ಹಾಗೇ ವಾದಿಸಿದರು!

ತಕಾವೊ ಒಜಾವಾ ಜಪಾನಿನಲ್ಲಿ ಹುಟ್ಟಿ, ಇಲ್ಲಿಗೆ ಬಂದು ಓದಿ ನೆಲೆಸಿದವರು. ಜಪಾನಿನವರ ಚರ್ಮವೂ ಬೆಳ್ಳಗೇ ಇರುತ್ತದೆ ಎಂದು ವಾದಿಸಿದರು. 1922ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಬಣ್ಣ ನೋಡಿ ಹೇಳಲಾಗದು, ಬಿಳಿಯ ಅಂದರೆ ಕಾಕೇಸಿಯನ್ (ಯುರೋಪಿನವರೂ ಸೇರಿದ ಒಂದು ಜನಾಂಗಕ್ಕೆ ಆ ಕಾಲದ ವಿದ್ವಾಂಸರು ಇಟ್ಟ ಹೆಸರು) ಎಂದಿತು. ಸರಿ, ಆಮೇಲೆ ಬಂದವರು ಭಗತ್ ಸಿಂಗ್ ಥಿಂದ್. ಪಂಜಾಬಿನ ಸಿಖ್ಖರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆ ಕಾಲದ ಪುಸ್ತಕಗಳು ಉತ್ತರ ಭಾರತದವರನ್ನು ಕಾಕೇಸಿಯನ್ ಪಟ್ಟಿಗೇ ಸೇರಿಸಿದ್ದವು. ಹಾಗಾದರೆ ಗೆಲ್ಲಬೇಕಿತ್ತು ಅಲ್ವಾ? 1923ರ ಫೆಬ್ರವರಿಯಲ್ಲಿ ಅದೇ ಕೋರ್ಟ್, ವಿಜ್ಞಾನ ಏನಾದರೂ ಹೇಳಲಿ, ಬಿಳಿಯ ಅಂದರೆ ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅನ್ನುತ್ತಾನೋ ಅವನೇ ಎಂದುಬಿಟ್ಟಿತು. ಮೂರು ತಿಂಗಳಲ್ಲಿ ಅಳೆಯುವ ಕೋಲೇ ಬದಲಾಯಿತು. ಎರಡೂ ತೀರ್ಪು ಬರೆದದ್ದು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಈ ಭಾಗ ಓದುವಾಗ ಮಗಳು ಜೋರಾಗಿ ನಕ್ಕಳು. ಆಮೇಲಿನದು ನಗುವ ವಿಷಯ ಅಲ್ಲ. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಾಗಾಯಿ ಅವರಲ್ಲೊಬ್ಬರು. 1928ರಲ್ಲಿ ಅವರು ತಾವಾಗಿಯೇ ಜೀವ ಕಳೆದುಕೊಂಡರು. ಇದನ್ನು ಮಗಳಿಗೆ ಇನ್ನೂ ಹೇಳಿಲ್ಲ.

ಇನ್ನೊಂದು ವಿಷಯವನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಥಿಂದ್ ಪರವಾಗಿ ಕೋರ್ಟಿನಲ್ಲಿ ಏನು ವಾದ ನಡೆಯಿತು ಗೊತ್ತಾ? ಅವರು ಮೇಲ್ಜಾತಿಯವರು, ಆರ್ಯರು, ಕೆಳಜಾತಿಯವರೊಂದಿಗೆ ಮದುವೆ ಬೆಳೆಸುವವರಲ್ಲ, ಆದ್ದರಿಂದ ನಿಮ್ಮವರೇ ಎಂದು. ಒಂದು ಬೇಲಿಯ ಒಳಗೆ ಸೇರಲು ಊರಿನ ಬೇಲಿಯನ್ನೇ ಸಾಕ್ಷಿಗೆ ತಂದರು. ಹೇಳಿದೆ. ನಮಗೆ ಅನ್ಯಾಯವಾದ ಕಥೆ ಮಾತ್ರ ಹೇಳಿ ಇದನ್ನು ಬಿಟ್ಟರೆ ಅರ್ಧ ಸುಳ್ಳು ಹೇಳಿದ ಹಾಗೆ ಅನ್ನಿಸಿತು. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿದಾಗ ಇದೇ ಗುಂಪಿನಲ್ಲಿ "ಇಲ್ಲಿ ಜಾತಿ ಎಲ್ಲಿದೆ" ಎಂದು ಬರೆದವರು ಇದ್ದೀರಿ. ಜಗಳಕ್ಕೆ ಬರುತ್ತಿಲ್ಲ, ಆದರೆ ಮಕ್ಕಳ ಮದುವೆ ಮಾತು ಬಂದಾಗ ಮೊದಲ ಪ್ರಶ್ನೆ ಏನಿರುತ್ತೆ ಅಂತ ನೆನಪಿಸಿಕೊಳ್ಳಿ.

ಹಾಗೇ ಇನ್ನೊಂದು. ಕಾರಿನಲ್ಲಿ ಫೋನ್ ಮಾತಾಡುವಾಗ "ಆ ಏರಿಯಾ ಬೇಡ, ಬರೀ ಕರಿಯರು" ಎನ್ನುತ್ತೇವೆ. ಮಗು ಹಿಂದಿನ ಸೀಟಿನಲ್ಲೇ ಕೂತಿರುತ್ತದೆ. ಕನ್ನಡ ಬರಲ್ಲ ಅಂತ ನಾವು ಗೊಣಗುವ ಮಕ್ಕಳಿಗೆ ಈ ಪದ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ. ನಾವಿಲ್ಲಿರುವುದಕ್ಕೆ ದಾರಿ ಮಾಡಿದ್ದು 1965ರ ವಲಸೆ ಕಾನೂನು. ಅದು ಬಂದದ್ದು ನಾವು ಹೀಗೆ ದೂರ ಇಡುವ ಕಪ್ಪು ಜನರೇ ಸಮಾನ ಹಕ್ಕಿಗಾಗಿ ಬೀದಿಗಿಳಿದು ನಡೆಸಿದ ಹೋರಾಟದ ಕಾಲದಲ್ಲಿ. ಅದಕ್ಕೆ ಮೊದಲು, 1946ರಲ್ಲಿ ನಮಗೆ ಪೌರತ್ವದ ಬಾಗಿಲು ತೆರೆದಾಗ ಕೊಟ್ಟ ವಲಸೆ ಕೋಟಾ ವರ್ಷಕ್ಕೆ ಸುಮಾರು 100 ಜನ.

ಮಕ್ಕಳು ಗುಂಪು ಕಟ್ಟಲು ದೊಡ್ಡ ಕಾರಣವೇನೂ ಬೇಡ. 1970ರ ಸುಮಾರಿಗೆ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞ ಬ್ರಿಸ್ಟಲಿನ ಹುಡುಗರನ್ನು ಎರಡು ಗುಂಪು ಮಾಡಿದರು. ನಿಮಗೆ ಇಷ್ಟವಾದ ಚಿತ್ರಕಾರನ ಮೇಲೆ ಗುಂಪು ಎಂದು ಹೇಳಿದರು, ನಿಜಕ್ಕೆ ಮನಸ್ಸಿಗೆ ಬಂದಂತೆ ಹಂಚಿದ್ದರು. ಅಷ್ಟಕ್ಕೇ ಹುಡುಗರು ತಮ್ಮ ಗುಂಪಿಗೆ ಜಾಸ್ತಿ ದುಡ್ಡು ಹೋಗುವ ಹಾಗೆ ಹಂಚತೊಡಗಿದರು. ಅಂದಮೇಲೆ ಗುಂಪಿಗೆ ಸರ್ಕಾರದ ಮೊಹರು ಬಿದ್ದು, ಕೆಲಸ, ಮನೆ, ಮತ ಎಲ್ಲ ಅದರ ಮೇಲೆ ನಿಂತರೆ ಕೇಳಬೇಕೇ? ಕಾಗದದ ಮೇಲಿನ ಗೆರೆ ಬದುಕಿನಲ್ಲಿ ಗೋಡೆಯಾಗುತ್ತದೆ. ಅದಕ್ಕೇ "ರೇಸ್ ಅನ್ನೋದೆಲ್ಲ ಸುಳ್ಳು, ತಲೆ ಕೆಡಿಸ್ಕೋಬೇಡ" ಎಂದು ಮಗಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ರಕ್ತದಲ್ಲಿ ಇಲ್ಲ, ನಿಜ. ಬಾಡಿಗೆ ಮನೆಯಲ್ಲಿ ಇದೆಯಲ್ಲ!

ಈಗ ನಮ್ಮ ಬಾಕ್ಸಿನ ಕಥೆ. 1920ರಿಂದ 1940ರವರೆಗಿನ ಮೂರು ಗಣತಿಗಳಲ್ಲಿ ನಮ್ಮ ರೇಸ್ "ಹಿಂದೂ". ಸಿಖ್ಖರಿರಲಿ, ಮುಸ್ಲಿಮರಿರಲಿ, ಎಲ್ಲರೂ ಅದರಲ್ಲೇ. 1970ರಲ್ಲಿ ನಮಗೆ ಬಾಕ್ಸೇ ಇರಲಿಲ್ಲ. "ಇತರೆ" ಕಡೆ ಬರೆದವರನ್ನು ಆಫೀಸಿನಲ್ಲಿ ವೈಟ್ ಲೆಕ್ಕಕ್ಕೆ ಹಾಕಿಕೊಂಡರು. ಆಮೇಲೆ ಅಸೋಸಿಯೇಷನ್ ಆಫ್ ಇಂಡಿಯನ್ಸ್ ಇನ್ ಅಮೆರಿಕ ಎಂಬ ಸಂಸ್ಥೆಯವರು ಬೇರೆ ಬಾಕ್ಸು ಬೇಕು ಎಂದು ಓಡಾಡಿದರು. ಬೇಧಭಾವದ ವಿರುದ್ಧ ರಕ್ಷಣೆ ಸಿಗಬೇಕಾದರೆ ಎಣಿಕೆಗೆ ಸಿಗಬೇಕು ಎನ್ನುವುದು ಅವರ ಲೆಕ್ಕ. 1980ರಲ್ಲಿ "ಏಷ್ಯನ್ ಇಂಡಿಯನ್" ಬಂತು. ಅಂದರೆ ಈ ಬಾಕ್ಸು ಬರೀ ಮೇಲಿನವರು ಹೇರಿದ್ದಲ್ಲ, ನಮ್ಮವರೇ ಕೇಳಿ ಪಡೆದದ್ದೂ ಹೌದು. ನನಗೆ ಇದು ತಪ್ಪು ಅನ್ನಿಸುವುದಿಲ್ಲ. ಗೆರೆ ಹೇಗೂ ಇದೆ, ಅದರಿಂದ ಒಂದಿಷ್ಟು ನ್ಯಾಯವನ್ನಾದರೂ ಕೇಳೋಣ ಎಂದರು, ಅಷ್ಟೇ.

2024ರಲ್ಲಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆ ಬಾಕ್ಸು ಎಂದು ಅಮೆರಿಕದ ಕೇಂದ್ರ ಸರ್ಕಾರದ ಹೊಸ ನಿಯಮ ಬಂತು. ಅಲ್ಲಿಯವರೆಗೆ ಅವರು ವೈಟ್. ಮಗಳ ಕ್ಲಾಸಿನಲ್ಲಿ ಈಜಿಪ್ಟಿನ ಹುಡುಗ ಒಬ್ಬನಿದ್ದಾನೆ. "ಅವನಿಗೆ ಗೊತ್ತಾ?" ಎಂದು ಕೇಳಿದಳು.

ನಮ್ಮ ದೊಡ್ಡಪ್ಪ ಇಲ್ಲಿಗೆ ಬಂದದ್ದು 1969ರಲ್ಲಿ. ಈಗ ಎಂಬತ್ತು ದಾಟಿದೆ. ಭಾನುವಾರ ಅವರಿಗೆ ಫೋನ್ ಮಾಡಿ, "ದೊಡ್ಡಪ್ಪಾ, 1970ರ ಗಣತಿಯಲ್ಲಿ ನೀವು ವೈಟ್ ಆಗಿದ್ರಂತೆ, 1980ರವರೆಗೂ" ಎಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹತ್ತು ವರ್ಷವಾ? ಅಯ್ಯೋ, ಆವಾಗ್ಲೇ ಹೇಳಬಾರದಿತ್ತೇನೇ! ಮನೆ ಕೊಡಲ್ಲ ಅಂತ ಬಾಗಿಲಲ್ಲೇ ವಾಪಸ್ ಕಳಿಸಿದವರಿಗೆ ಆ ಕಾಗದ ತೋರಿಸ್ತಿದ್ದೆ" ಎಂದರು.